ಕ್ಯಾಮೆರಾಗೆ ಮಾತ್ರ ಕನ್ನಡ

ವಿಂಧ್ಯಾ,

ನಮ್ಮ ಬ್ಯಾಂಕಿನ ನವರಂಗಪುರದ ಬ್ರಾಂಚಿಗೆ ಬೇಗ ಹೋಗಬೇಕಿತ್ತು, ನಿನ್ನ ಎಬ್ಬಿಸಲಿಲ್ಲ. ಚಿತ್ರಾನ್ನ ಡಬ್ಬಿಯಲ್ಲಿದೆ. ಮೊದಲು ತಿನ್ನು, ಆಮೇಲೆ ವೀಡಿಯೊ ಮಾಡು. ಹಾಲು ಕಾಯಿಸಿಡು.

ನಿನ್ನ ಹೊಸ ರೀಲ್ ನೋಡಿದೆ. ‘ಎಲ್ಲರದ್ದೂ ಊಟ ಆಯ್ತಾ?’ ಅಂತ ಎಷ್ಟು ಮುದ್ದಾಗಿ ಕೇಳ್ತೀಯೇ! ಅಹಮದಾಬಾದಲ್ಲಿ ಹುಟ್ಟಿದರೂ ಅಪ್ಪಟ ಕನ್ನಡತಿ ಅಂತ ಜನ ಹೊಗಳಿದ್ದೇ ಹೊಗಳಿದ್ದು. ಆ ಮಾತೆಲ್ಲ ನನ್ನನ್ನೇ ಕೇಳಿ ಬಾಯಿಪಾಠ ಮಾಡಿದ್ದು. ನಾನು ಊಟ ಆಯ್ತಾ ಅಂದರೆ ಮಾತ್ರ ಹಿಂದೀಲಿ ‘ಖಾ ಲಿಯಾ, ಮಮ್ಮಿ’. ನೀನು ಮುಖಾನೂ ನೋಡಿಲ್ಲದ ಆ ಜನರ ಮೇಲೆ ಹೊಟ್ಟೆ ಉರಿಯುತ್ತೆ, ಏನ್ಮಾಡ್ಲಿ?

ನೀರಿನ ಮೋಟಾರ್ ಆಫ್ ಮಾಡೋದು ಮರೀಬೇಡ.

ಈ ಚೀಟಿ ಓದೋಕೆ ಕಷ್ಟವಾದರೆ ನಿನ್ನ ಫಾಲೋವರ್‌ಗಳನ್ನೇ ಕೇಳು, ಓದಿ ಹೇಳ್ತಾರೆ.

ಸಂಜೆ ಬಾಗಿಲು ತೆಗೆದಾಗ ‘ಆ ಗಯೀ, ಮಮ್ಮಿ?’ ಅನ್ನಬೇಡ. ಕ್ಯಾಮೆರಾ ಇಲ್ಲದಿದ್ದರೂ ಒಂದ್ಸಲ ‘ಬಂದ್ಯಾ, ಅಮ್ಮಾ?’ ಅನ್ನು.