‘ಅದು’ ಅನ್ನಬೇಡ

ಮಾರ್ಚ್ ೧೪

ಅಕ್ಕನಿಗೆ,

ನೀವೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಕ್ಷಮಿಸು. ಕೆಲಸ ಜಾಸ್ತಿ ಎಂದು ನೆಪ ಹೇಳಬಹುದಿತ್ತು. ನಿಜ ಏನೆಂದರೆ, ಬರೆಯಲು ಕೂತಾಗಲೆಲ್ಲ ಮೈ ಉರಿಯುತ್ತಿತ್ತು. ‘ಈ ಸಲ ಅದು ಹೊಟ್ಟೆಯಲ್ಲಿ ನಿಂತರೆ ಸಾಕು’ ಎಂದು ಬರೆದಿದ್ದೀಯಲ್ಲ, ಆ ‘ಅದು’ ಕಣ್ಣಿಗೆ ಚುಚ್ಚಿತು.

ನಿನ್ನೆ ಸ್ಕ್ಯಾನಿಂಗಿಗೆ ಹೋಗಿದ್ದೆ. ನಾಲ್ಕು ತಿಂಗಳು ತುಂಬಿದೆ. ಇವರು ಹೊರಗೆ ಕೂತು ಇದ್ದಬದ್ದ ಉಗುರನ್ನೆಲ್ಲ ಕಚ್ಚಿ ಮುಗಿಸಿದರು. ಡಾಕ್ಟರಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿ ಬೆನ್ನುಮೂಳೆ ತೋರಿಸಿದರು, ಹೃದಯ ತೋರಿಸಿದರು, ಆಮೇಲೆ ಕೈ. ಕೈ ಮೊದಲು ಸೌಟಿನ ಹಾಗೆ ಚಪ್ಪಟೆಯಾಗಿರುತ್ತದಂತೆ. ಎರಡು ತಿಂಗಳಾಗುವಷ್ಟರಲ್ಲಿ ನಡುವಿನ ಚರ್ಮ ಕರಗಿ ಬೆರಳುಗಳು ಬಿಡಿಯಾಗುತ್ತವಂತೆ. ನನಗೆ ನಗು ಬಂತು. ಕೈಗವಸಿಗೆ ಬೆರಳು ಹೊಲಿಯುವುದೇ ನನ್ನ ಕೆಲಸ. ಬೆರಳ ಸಂದಿಯಲ್ಲಿ ಒಂದು ಹೊಲಿಗೆ ತಪ್ಪಿದರೂ ಸೂಪರ್‌ವೈಸರ್ ತಲೆಯ ಮೇಲೆ ಬಂದು ಕೂರುತ್ತಾನೆ. ಇಲ್ಲಿ ನಾನು ವಾಂತಿ ಮಾಡಿಕೊಂಡು ಬಿದ್ದಿದ್ದಾಗ, ಯಾರ ಬೈಗುಳವೂ ಇಲ್ಲದೆ ಹತ್ತು ಬೆರಳೂ ಆಗಿಬಿಟ್ಟಿವೆ.

ಹಾಗಾದರೆ ಐದು ತಿಂಗಳಿಗೆ ಏನೇನು ಆಗಿರುತ್ತದೆ ಎಂದು ಕೇಳಿದೆ. ಹುಬ್ಬು, ಉಗುರು, ಬೆರಳ ತುದಿಯ ಗೆರೆ ಎಂದರು. ಕಿವಿಯೂ ಕೇಳಲು ಶುರುವಾಗಿರುತ್ತದಂತೆ. ನಗು ಅಲ್ಲೇ ನಿಂತಿತು.

ಹೋದ ವರ್ಷ ಐದನೇ ತಿಂಗಳಲ್ಲಿ ನನಗೆ ಹೋಯಿತಲ್ಲ, ಆಗ ಆಸ್ಪತ್ರೆಯಲ್ಲಿ ಪಕ್ಕದಲ್ಲಿದ್ದವಳು ನೀನೊಬ್ಬಳೇ. ಇವರು ಊರಲ್ಲಿರಲಿಲ್ಲ. ನರ್ಸು ಬಟ್ಟೆಯಲ್ಲಿ ಸುತ್ತಿ ತಂದು, ನೋಡುತ್ತೀರಾ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ನೀನು ಅಡ್ಡ ನಿಂತೆ.

“ಬೇಡ, ತಗೊಂಡು ಹೋಗಿ. ಅದಿನ್ನೂ ಮಗುನೇ ಆಗಿರಲಿಲ್ಲ.”

ನಾನು ನಂಬಿದೆ. ಅಮ್ಮ ಹೋದಮೇಲೆ ನಿನ್ನ ಮಾತೇ ನನಗೆ ಕಡೆಯ ಮಾತು. ಏನೂ ಅಲ್ಲದ್ದಕ್ಕೆ ಅಳುತ್ತಿದ್ದೇನಲ್ಲ ಎಂದು ನಾಚಿಕೊಂಡು, ಕಾರ್ಖಾನೆಯ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನನಗೆ ನೋವಾಗಬಾರದೆಂದು ಹಾಗೆ ಹೇಳಿದೆ, ಗೊತ್ತು. ಗೊತ್ತಿದ್ದರೂ ಸಿಟ್ಟು ಇಳಿಯುವುದಿಲ್ಲ. ನನ್ನ ಕೂಸನ್ನು ನಾನು ನೋಡಬೇಕೋ ಬೇಡವೋ ಎಂದು ಹೇಳಲು ನೀನು ಯಾರು? ಇವರೋ, ಆದದ್ದು ಆಯಿತು, ಅಕ್ಕನ ಮೇಲೆ ಯಾಕೆ ಹಾರಾಡುತ್ತೀ ಎನ್ನುತ್ತಾರೆ. ಆಗಿಯೇ ಇರಲಿಲ್ಲ ಎಂದಲ್ಲವೇ ನೀನು ಹೇಳಿದ್ದು?

ಹೆರಿಗೆಗೆ ನೀನೇ ಬರಬೇಕು. ನನಗೆ ಇನ್ನು ಯಾರಿದ್ದಾರೆ? ಆದರೆ ಬಾಯಿ ಮುಚ್ಚಿಕೊಂಡು ಬಾ. ಭಾವನಿಗೆ ನಮಸ್ಕಾರ ಹೇಳು. ನಿನ್ನ ಮಕ್ಕಳು ನೂರು ಕಾಲ ಬಾಳಲಿ. ನಿನ್ನ ಮಂಡಿನೋವಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ.

ಇನ್ನೂ ಸಿಟ್ಟಿನಲ್ಲೇ ಇರುವ,
ತಂಗಿ

ತಾ.ಕ.: ನರ್ಸು ತಿರುಗಿ ಹೋಗುವಾಗ ನೀನು ಬಟ್ಟೆಯ ಅಂಚು ಸರಿಸಿ ನೋಡಿದ್ದು ನನಗೆ ಕಾಣಿಸಿತ್ತು. ಅವನು ಎನ್ನಲೋ ಅವಳು ಎನ್ನಲೋ ತಿಳಿಯದೆ ನಾನೂ ಇಷ್ಟು ದಿನ ‘ಅದು’ ಎನ್ನುತ್ತಿದ್ದೇನೆ. ಸಮಾಧಾನ ಏನೂ ಬರೆಯಬೇಡ. ಆ ಒಂದು ಮಾತು ಬರೆ, ಸಾಕು.