ಮೊದಲನೇ ಆಯ್ಕೆ

ಅಂಗಡಿಯಿಂದ,
ಏಳನೇ ತಾರೀಖು, ಸೋಮವಾರ, ಮಧ್ಯಾಹ್ನ ಊಟದ ಹೊತ್ತು

ನನ್ನ ಮುದ್ದು ಮೊಂಡಿಗೆ,

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು ಅಲ್ಲಿ ಹೊಟ್ಟೆ ತುಂಬ ತಿನ್ನುತ್ತಿದ್ದೀಯ, ಕಾಲಿನ ಬೊಕ್ಕೆಗೆ ಮುಲಾಮು ಹಚ್ಚುತ್ತಿದ್ದೀಯ ಎಂದು ನಂಬಿಕೊಂಡಿದ್ದೇನೆ. ನಂಬದೆ ಬೇರೆ ದಾರಿಯೂ ಇಲ್ಲ.

ನಿಮ್ಮಪ್ಪನ ಸುದ್ದಿ ಕೇಳು. ನೀನು ಸೇನೆಯ ತರಬೇತಿ ಶಿಬಿರಕ್ಕೆ ಹೋಗಿ ಐದು ವಾರವಾಯಿತು, ಈ ಮನುಷ್ಯ ಇನ್ನೂ ಬೆಳಿಗ್ಗೆ ಐದೂವರೆಗೆ ಎದ್ದು ಸೀಟಿ ಕೊರಳಿಗೆ ಹಾಕಿಕೊಂಡು ಮೈದಾನಕ್ಕೆ ಹೋಗುತ್ತಾರೆ. ಓಡೋಕೆ ಯಾರೂ ಇಲ್ವಲ್ರೀ ಅಂದರೆ, ಅಭ್ಯಾಸ ತಪ್ಪಬಾರದು ಅನ್ನುತ್ತಾರೆ. ಯಾರ ಅಭ್ಯಾಸವೋ ಆ ದೇವರೇ ಬಲ್ಲ. ನಿನ್ನೆ ಪಕ್ಕದ ಮನೆಯ ನಾಯಿಯನ್ನು ಓಡಿಸಿ ಅದರ ಸಮಯ ಬರೆದುಕೊಂಡು ಬಂದಿದ್ದಾರೆ. ನಿನಗಿಂತ ಚುರುಕಂತೆ.

ಶಿಬಿರದವರು ನಿಮ್ಮ ಫೋನುಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಫೋನಿನಲ್ಲಾಗಿದ್ದರೆ ನಾನು ಬಾಯಿ ಬಿಡುವಷ್ಟರಲ್ಲಿ ಅಳು ಬಂದು, ನೀನು ಏನಾಯ್ತಮ್ಮಾ ಏನಾಯ್ತು ಅಂತ ಗಾಬರಿಯಾಗಿ, ಕೊನೆಗೆ ಒಗೆಯುವ ಬಟ್ಟೆಯ ವಿಷಯ ಮಾತಾಡಿ ಇಟ್ಟುಬಿಡುತ್ತಿದ್ದೆ. ಕಾಗದದಲ್ಲಿ ಹಾಗೆ ಜಾರಿಕೊಳ್ಳುವುದು ಕಷ್ಟ. ಆದರೂ ನೋಡು, ಅರ್ಧ ಪುಟ ನಾಯಿಯಲ್ಲೇ ಕಳೆದೆ.

ನಾನು ನಿನಗೆ ಮೋಸ ಮಾಡಿದ್ದೇನೆ ಮಗಳೇ.

ಹೊರಡುವ ಮುಂಚೆ ನಿನ್ನ ಅರ್ಜಿ ತುಂಬಿದೆವಲ್ಲ, ನೀನು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ಹೇಳುತ್ತಾ ಹೋದೆ, ನಾನು ಟೈಪ್ ಮಾಡುತ್ತಾ ಹೋದೆ. ಎತ್ತರ, ತೂಕ, ಓದು, ರಕ್ತದ ಗುಂಪು. ಆಮೇಲೆ 'ಸೇನೆಯಲ್ಲಿ ಬಯಸುವ ಕೆಲಸ' ಎಂಬ ಕಾಲಂ ಬಂತು. ಮೊದಲನೇ ಆಯ್ಕೆ ನೆಲಬಾಂಬ್ ತೆಗೆಯುವ ದಳ, ಎರಡನೆಯದು ವಾಹನ ರಿಪೇರಿ, ಮೂರನೆಯದು ಗುಮಾಸ್ತೆ ಕೆಲಸ ಎಂದು ನೀನು ಬೆರಳು ಮಡಚಿ ಹೇಳಿದೆ. ನಾನು ಗುಮಾಸ್ತೆ ಕೆಲಸವನ್ನು ಮೊದಲಿಗೆ ಹಾಕಿ, ನೆಲಬಾಂಬನ್ನು ಕೊನೆಗೆ ತಳ್ಳಿದೆ. ಪ್ರಿಂಟ್ ತೆಗೆದು ಕೊಟ್ಟೆ. ನೀನು ಸಹಿ ಹಾಕಿ, ಆಯ್ತಾ, ಹೋಗೋಣ್ವಾ ಅಂದೆ.

ಹತ್ತೊಂಬತ್ತು ವರ್ಷದಿಂದ ಈ ಜೆರಾಕ್ಸ್ ಅಂಗಡಿಯಲ್ಲಿ ಕೂತು ಊರವರ ಅರ್ಜಿ ತುಂಬುತ್ತಿದ್ದೇನೆ. ಎರಡು ವರ್ಷ ವಯಸ್ಸು ಇಳಿಸಿ ಬರೀರಿ ಅಂತ ಕಾಲಿಗೆ ಬಿದ್ದವರಿದ್ದಾರೆ. ಒಂದಕ್ಷರ ಆಚೀಚೆ ಮಾಡಿದವಳಲ್ಲ. ಮೊದಲ ಸಲ ಮಾಡಿದ್ದು ಹೆತ್ತ ಮಗಳ ಅರ್ಜಿಯಲ್ಲಿ.

ಯಾಕೆ ಅಂತ ಹೇಳುತ್ತೇನೆ, ಆದರೆ ಇದನ್ನು ನೆಪ ಅಂದುಕೊಳ್ಳಬೇಡ. ಅದಕ್ಕೆ ಒಂದು ವಾರ ಮುಂಚೆ ಒಬ್ಬರು ಅಂಗಡಿಗೆ ಬಂದಿದ್ದರು. ನಿವೃತ್ತ ಸೈನಿಕರು, ನಿಮ್ಮಪ್ಪನ ವಯಸ್ಸು. ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕಬೇಕಿತ್ತು. ಕಾರಣ ಏನು ಬರೀಲಿ ಅಂದೆ. ನೆಲಬಾಂಬ್ ತೆಗೆಯುವಾಗ ಅಂದರು. ಎಡಗೈ ಮಣಿಕಟ್ಟಿನಿಂದ ಇಲ್ಲ. ಸಹಿ ಹಾಕುವಾಗ ಕಾಗದ ಮೇಜಿನ ಮೇಲೆ ಜಾರುತ್ತಿತ್ತು, ಒತ್ತಿ ಹಿಡಿಯಲು ಅವರಿಗೆ ಇನ್ನೊಂದು ಕೈ ಇರಲಿಲ್ಲ. ನಾನು ಹಿಡಿದುಕೊಂಡೆ. ಅವತ್ತಿನಿಂದ ನೀನು ಎರಡೂ ಕೈಯಲ್ಲಿ ತಲೆ ಬಾಚಿಕೊಳ್ಳುವುದನ್ನು ನೋಡಿದರೆ ನನಗೆ ಆ ಜಾರುವ ಕಾಗದವೇ ನೆನಪಾಗುತ್ತಿತ್ತು. ನಿನ್ನ ಹತ್ತಿರ ಹೇಳಬೇಕಿತ್ತು. ಹೇಳಿದ್ದರೆ ಜಗಳವಾದರೂ ಆಡುತ್ತಿದ್ದೆವು. ಹೇಳದೆ, ಸದ್ದಿಲ್ಲದೆ, ಮೌಸ್ ಒತ್ತಿ ಮುಗಿಸಿಬಿಟ್ಟೆ.

ಮೊನ್ನೆ ಶುಕ್ರವಾರ ಅವರ ಚೀಟಿ ಬಂತು. ತೆಗೆದುಕೊಂಡು ಹೋಗಲು ಬಂದಾಗ, ಕೂತ್ಕೊಳ್ಳಿ ಅಣ್ಣಾ ಅಂತ ಸ್ಟೂಲು ಹಾಕಿ, ಯಾರಿಗೂ ಹೇಳದಿದ್ದುದನ್ನು ಅವರಿಗೆ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಆ ಚೀಟಿಯನ್ನು ತಿರುಗಿಸಿ ನೋಡಿದರು.

"ಕೈ ಒಂದು ಹೋಯ್ತು ತಂಗೀ. ಅದನ್ನ ಎಲ್ಲಾ ಅರ್ಜೀಲೂ ಕೇಳ್ತಾರೆ. ಮುನ್ನೂರ ಹನ್ನೆರಡು ಬಾಂಬು ತೆಗ್ದಿದೀನಿ. ಅದನ್ನ ಬರೆಯೋಕೆ ಯಾವ ಅರ್ಜೀಲೂ ಜಾಗ ಇಲ್ಲ ನೋಡು."

ಮತ್ತೆ ಆ ಕೆಲಸಕ್ಕೆ ಹೋಗ್ತಿದ್ರಾ ಅಂತ ಕೇಳಿದೆ. ಅದಕ್ಕೆ ಅವರು, "ಅದು ನನ್ನ ಕೇಳೋ ಪ್ರಶ್ನೆ ಅಲ್ಲಮ್ಮ. ನಿನ್ನ ಮಗಳ್ನ ಕೇಳು. ನನ್ನನ್ನ ಕೇಳಿಯೇ ಕಳಿಸಿದ್ರು," ಅಂದರು. ಎದ್ದು ಹೋಗುವಾಗ ಇನ್ನೊಂದು ಮಾತು ತಿಳಿಸಿದರು. ಸಂದರ್ಶನದ ದಿನ ಅಧಿಕಾರಿ ಎದುರಿಗೆ ಬಾಯಿ ಬಿಟ್ಟು ಕೇಳಿದರೆ ಆಯ್ಕೆಗಳ ಕ್ರಮ ಬದಲಾಯಿಸಲು ಅವಕಾಶ ಇದೆಯಂತೆ. ಆದರೆ ಅಭ್ಯರ್ಥಿಯೇ ಕೇಳಬೇಕು. ಅಲ್ಲಿ ಕೊಡುವ ಚೀಟಿಗೆ ಸಹಿ ಬಿದ್ದ ಮೇಲೆ ಮುಗಿಯಿತು.

ನಿನ್ನ ಸಂದರ್ಶನ ಗುರುವಾರ. ಅದಕ್ಕೇ ಅಂಚೆಯನ್ನು ನಂಬದೆ ನಿಮ್ಮಪ್ಪ ಕೆಲಸ ಮಾಡುವ ಬಸ್ ಡಿಪೋದ ಡ್ರೈವರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನಾಳೆ ಹೊರಟು, ಬುಧವಾರ ನಿಮ್ಮ ಶಿಬಿರದ ಗೇಟಿನಲ್ಲಿ ಕೊಡುತ್ತಾರೆ.

ಗುಮಾಸ್ತೆ ಕೆಲಸ ಕೀಳಲ್ಲ, ನಾನೇ ಜೀವನವಿಡೀ ಅದನ್ನೇ ಮಾಡಿದ್ದು. ನಿನಗೆ ಅದೇ ಇರಲಿ ಅಂತ ನನ್ನ ಹೊಟ್ಟೆ ಈಗಲೂ ಬೇಡಿಕೊಳ್ಳುತ್ತಿದೆ. ಆದರೆ ನಮ್ಮ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಾಗ ನಾನು ಎಳೆದು ಹರಿಯುತ್ತಿದ್ದೆ, ನೀನು ಚಿಮಟ ಹಿಡಿದು ಉಸಿರು ಬಿಗಿಹಿಡಿದು ಉಗುರಿನಷ್ಟು ಚೂರನ್ನೂ ಹೊರಗೆ ತೆಗೆಯುತ್ತಿದ್ದೆ. ಗಿರಾಕಿಗಳು ಬೈದುಕೊಂಡು ಹೊರಟುಹೋದರೂ ನೀನು ಅವಸರ ಮಾಡುತ್ತಿರಲಿಲ್ಲ. ಅದೂ ನನಗೆ ಗೊತ್ತು. ಗೊತ್ತಿದ್ದೂ ಮಾಡಿದೆ.

ನೀನು ಏನು ಆರಿಸಿದರೂ ಸರಿ, ನೀನೇ ಆರಿಸು. ಸಿಟ್ಟು ಬಂದರೆ ಕಾಗದ ತುಂಬ ಬೈದು ಬರಿ, ಆದರೆ ಬರಿ.

ಇತಿ,
ತಪ್ಪು ಮಾಡಿದ ನಿನ್ನ ಅಮ್ಮ

ತಾ.ಕ.: ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ. ಮಗಳು ವಾಹನ ರಿಪೇರಿಯನ್ನು ಎರಡನೆಯದಾಗಿ ಬರೆಸಿದ್ದಾಳೆ ಅಂತ ಡಿಪೋದ ಮೆಕ್ಯಾನಿಕ್‌ಗಳಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಅದೊಂದು ಮಾತ್ರ ಇದ್ದ ಜಾಗದಲ್ಲೇ ಇದೆ.


ಶಿಬಿರ,
ಹತ್ತನೇ ತಾರೀಖು, ಗುರುವಾರ ಬೆಳಿಗ್ಗೆ

ಪ್ರೀತಿಯ ಅಮ್ಮನಿಗೆ,

ಸಂದರ್ಶನದ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು, ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ನನ್ನದು ಹತ್ತೊಂಬತ್ತನೇ ನಂಬರು. ಈಗ ಹನ್ನೊಂದನೆಯವಳು ಒಳಗೆ ಹೋಗಿದ್ದಾಳೆ.

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಸಿಕ್ಕಿತು. ಡ್ರೈವರ್ ಮಾಮ ಬಿಸ್ಕತ್ತಿನ ಪೊಟ್ಟಣವನ್ನೂ ಕೊಟ್ಟರು. ನೀನು ಅದರ ಬಗ್ಗೆ ಬರೆದಿಲ್ಲ, ಹಾಗಾಗಿ ಅದು ಅಪ್ಪನ ಕೆಲಸ.

ಬೈಯುವುದಕ್ಕೆ ನನಗೆ ಬಾಯಿಲ್ಲ ಅಮ್ಮ. ನಾನು ಓದಿದ್ದೆ. ಸಹಿ ಹಾಕುವ ಮುಂಚೆ ಪೂರ್ತಿ ಓದಿದ್ದೆ. ನೀನು ಪ್ರಿಂಟರ್ ಕಡೆ ತಿರುಗಿ ಸುಮ್ಮನೆ ಅದರ ಮುಚ್ಚಳ ಒರೆಸುತ್ತಿದ್ದೆಯಲ್ಲ, ಆಗ. ಮೊದಲನೇ ಆಯ್ಕೆ ಗುಮಾಸ್ತೆ ಅಂತ ನೋಡಿದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎದೆಯ ಮೇಲಿಂದ ಯಾರೋ ಎದ್ದು ಹೋದ ಹಾಗಾಯಿತು.

ನೆಲಬಾಂಬ್ ದಳಕ್ಕೇ ಸೇರುತ್ತೇನೆ ಅಂತ ಗೆಳತಿಯರ ಮುಂದೆ, ಅಪ್ಪನ ಮುಂದೆ, ಕಂಡಕಂಡವರ ಮುಂದೆ ಕೊಚ್ಚಿಕೊಂಡಿದ್ದೆ. ಅರ್ಜಿ ತುಂಬುವ ದಿನ ಹತ್ತಿರ ಬಂದ ಹಾಗೆಲ್ಲ ಒಳಗೊಳಗೆ ಭಯ ಹೆಚ್ಚುತ್ತಿತ್ತು. ಹಿಂದೆ ಸರಿಯಲು ಮರ್ಯಾದೆ ಅಡ್ಡ ಬರುತ್ತಿತ್ತು. ನೀನು ಅದಲುಬದಲು ಮಾಡಿದ್ದು ನೋಡಿ, ಸದ್ಯ, ಇನ್ನು ಯಾರು ಕೇಳಿದರೂ ಅಮ್ಮ ಕೆಡಿಸಿದಳು ಅಂದರಾಯಿತು ಅಂದುಕೊಂಡೆ. ಐದು ವಾರದಿಂದ ನಿನ್ನ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದೆ. ನಿನ್ನೆ ನೀನು ಪಕ್ಕಕ್ಕೆ ಸರಿದುಬಿಟ್ಟೆ.

ಹಾಗಾಗಿ ತಪ್ಪು ಮಾಡಿದವರು ಇಬ್ಬರು. ನೀನೊಬ್ಬಳೇ ಹೊತ್ತುಕೊಂಡು ತಿರುಗಬೇಡ.

ಆ ಮುನ್ನೂರ ಹನ್ನೆರಡನ್ನು ನಿನ್ನೆಯಿಂದ ಎಷ್ಟು ಸಲ ಯೋಚಿಸಿದೆನೋ. ಸಂಜೆ ಕವಾಯತಿನಲ್ಲಿ ಎರಡು ಸಲ ಹೆಜ್ಜೆ ತಪ್ಪಿ ಬೈಸಿಕೊಂಡೆ. ಅಷ್ಟು ಜಾಗದಲ್ಲಿ ಯಾರೋ ಕಾಲಿಟ್ಟು, ಏನೂ ಆಗದೆ, ಏನೂ ಗೊತ್ತೂ ಆಗದೆ ಮನೆಗೆ ಹೋಗಿರುತ್ತಾರೆ. ಆ ಸೈನಿಕರ ಇಲ್ಲದ ಕೈಯೂ ನನ್ನ ಕಣ್ಣ ಮುಂದಿದೆ. ಎರಡೂ ಇವೆ. ಒಳಗೆ ಹೋದ ಮೇಲೆ ಬಾಯಿಂದ ಏನು ಬರುತ್ತದೋ ನಿಜವಾಗಲೂ ನನಗೇ ಗೊತ್ತಿಲ್ಲ.

ಹದಿನಾರನೆಯವಳನ್ನು ಕೂಗಿದರು. ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ,
ಮೊಂಡಿ

ತಾ.ಕ.: ಮುಗಿಯಿತು ಅಮ್ಮ. ಡ್ರೈವರ್ ಮಾಮ ವಾಪಸ್ ಹೊರಟಿದ್ದಾರೆ, ಗೇಟಿನ ಹತ್ತಿರ ನಿಂತು ಬರೆಯುತ್ತಿದ್ದೇನೆ. ಅಧಿಕಾರಿ ಒಬ್ಬ ಮೇಡಂ. ಗುಮಾಸ್ತೆ ಅಂತ ಇದೆ, ಟೈಪಿಂಗ್ ಪರೀಕ್ಷೆಯಲ್ಲೂ ನೀವೇ ಮೊದಲು, ಖಾಯಂ ಮಾಡಲಾ ಅಂದರು. ಬೇಡ ಮೇಡಂ, ನೆಲಬಾಂಬ್ ದಳ ಅಂದೆ. ಭಯ ಇಲ್ವಾ ಅಂದರು. ತುಂಬಾ ಇದೆ ಅಂದೆ. ಭಯ ಇಲ್ಲ ಅನ್ನೋರನ್ನ ನಾವು ಆ ದಳಕ್ಕೆ ತಗೊಳಲ್ಲ ಅಂತ ಹೇಳಿ ಚೀಟಿ ಮುಂದಿಟ್ಟರು, ಸಹಿ ಹಾಕಿದೆ. ಮೊದಲ ನಾಲ್ಕು ತಿಂಗಳು ಮರಳಿನಲ್ಲಿ ಹೂತಿಟ್ಟ ಖಾಲಿ ತಗಡಿನ ಡಬ್ಬಿಗಳನ್ನು ಹುಡುಕಿಸುತ್ತಾರಂತೆ, ಅಷ್ಟೇ. ಆದ್ದರಿಂದ ನೀನು ಹೆದರುವುದನ್ನು ಐದನೇ ತಿಂಗಳಿಂದ ಶುರು ಮಾಡು. ಆಗ ನಾನೂ ಜೊತೆಗೆ ಸೇರಿಕೊಳ್ಳುತ್ತೇನೆ.