ಅಂಬರಾಯ ಬಿಚ್ಚಿಟ್ಟ ಬೋಲ್ಟು

ಹೀರಾ,

ರಿಪೇರಿಗೆ ಬಂದಿದ್ದ ಸಾವುಕಾರರ ಸ್ಪೋರ್ಟ್ಸ್ ಕಾರು ಒಪ್ಪಿಸಲು ವಾಡಿಗೆ ಹೊರಟಿದ್ದೇನೆ. ಅವ್ವ ಮಲಗಿದ್ದಾಳೆ, ಎಬ್ಬಿಸಬೇಡ. ಅಂಗಳದಲ್ಲಿ ಬಿದ್ದಿರುವ, ಬೋಲ್ಟು ಬಿಗಿಯುವ ಪಾನಾ ಎತ್ತಿಡು. ನಿನ್ನೆಯೂ ಹೇಳಿದ್ದೆ, ನೀನು ಕೇಳಿದರೆ ತಾನೇ!

ಸೈಲೆನ್ಸರ್ ಗಡಗಡ ಎನ್ನುತ್ತಿದ್ದುದು ತುಕ್ಕಿನಿಂದಲ್ಲ. ಅದನ್ನು ಹಿಡಿದಿಡುವ ಪಟ್ಟಿಗೆ ಬೋಲ್ಟೇ ಇರಲಿಲ್ಲ. ಹುಡುಕಿದರೆ ಸೀಟಿನ ಕೆಳಗೆ, ನಮ್ಮ ಅಂಬರಾಯ ಬೆವರು ಒರೆಸಿಕೊಳ್ಳುತ್ತಿದ್ದ ದಸ್ತಿಯಲ್ಲಿ ಗಂಟು ಕಟ್ಟಿಟ್ಟಿತ್ತು. ಈ ಕಾರಿಗೆ ಡ್ರೈವರ್ ಆಗಿದ್ದಾಗ ಅವನೇ ಬಿಚ್ಚಿಟ್ಟಿದ್ದ. ರಿಪೇರಿ ಮಾಡುತ್ತೇನೆ ಎಂದಾಗಲೆಲ್ಲ ನಗುತ್ತಿದ್ದ: “ಸಪ್ಪಳ ಇರ್ಲಿ ಬಿಡಣ್ಣ. ನಾ ಕಾಗಿಣಾ ಹೊಳಿ ದಾಟಿದ್ದು ಅವ್ವಗ ಗೊತ್ತಾಗ್ತದ, ರೊಟ್ಟಿ ಹಂಚಿಗೆ ಹಾಕ್ತಾಳ.”

ಅವನನ್ನು ಮಣ್ಣು ಮಾಡಿ ಬಂದ ಮೇಲೂ, ಹೊಸ ಡ್ರೈವರ್ ಈ ಕಾರಿನಲ್ಲಿ ನಮ್ಮ ಓಣಿ ದಾಟಿದಾಗಲೆಲ್ಲ ಅವ್ವ ಒಲೆ ಮುಂದೆ ಕೂತು, “ಅಂಬ್ಯಾ ಬಂದ, ಹಿಟ್ಟು ತಗೊಂಡು ಬಾ” ಎನ್ನುವುದನ್ನು ಇನ್ನು ನೋಡಲಾರೆ. ಬೋಲ್ಟು ಬಿಗಿದಿದ್ದೇನೆ. ಕಾರು ಬಾಗಿಲ ಮುಂದೆಯೇ ಹೋದರೂ ಅವಳಿಗೆ ಗೊತ್ತಾಗುವುದಿಲ್ಲ. ನೀನು ಓಡಿ ಹೋಗಿ ನೋಡಬೇಡ, ಅವಳಿಗೆ ತಿಳಿದೀತು.

ದಸ್ತಿ ನನ್ನ ಹಾಸಿಗೆ ಕೆಳಗಿದೆ. ಒಗೆಯಬೇಡ.

ಸಂಜೆ ರೈಲಿಗೆ ಬರುತ್ತೇನೆ. ಓಣಿಯ ತಿರುವಿನಿಂದಲೇ “ಅವ್ವಾ” ಎಂದು ಕೂಗುತ್ತೇನೆ. ಅವಳು ಏಳದಿದ್ದರೆ ನೀನೇ ಹೇಳು: ಅಯ್ಯಪ್ಪಣ್ಣ ಬಂದ, ಹಂಚು ಇಡು ಅಂತ.

ಅಣ್ಣ